ತಕ್ಕಡಿ ಹಿಡಿದವರು, ಹಾಡು ಕಟ್ಟಿದವರು

ನಮ್ಮ ನಂಬಿಕೆಯನ್ನು ಬೇರೆಯವರ ಮುಂದೆ ಇಡೋದು ಹೇಗೆ? ಈ ಪ್ರಶ್ನೆ ಮುಸಲ್ಮಾನರಿಗೆ ಇರುವಷ್ಟೇ ಕ್ರೈಸ್ತರಿಗೂ ಇದೆ. ಅವರಲ್ಲಿ ಇಬ್ಬರು ಕಂಡುಕೊಂಡ ದಾರಿಯನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ. ಒಬ್ಬರು ಕಾರ್ಲ್ ಫಾಂಡರ್, ಇನ್ನೊಬ್ಬರು ಫರ್ಡಿನೆಂಡ್ ಕಿಟೆಲ್. ಇಬ್ಬರೂ ಜರ್ಮನರು, ಇಬ್ಬರೂ ಬಾಸೆಲ್ ಮಿಷನ್ನಿನಲ್ಲೇ ತರಬೇತಿ ಪಡೆದವರು. ಫಾಂಡರ್ ಹೆಸರು ಉರ್ದು ಓದುವವರಿಗೆ ಗೊತ್ತು, ಕಿಟೆಲ್ ಹೆಸರು ಕನ್ನಡಿಗರಿಗೆಲ್ಲ ಗೊತ್ತು. ಆದರೆ ಇಬ್ಬರನ್ನೂ ನಾವು ಒಂದೇ ರೀತಿ ನೆನೆಯೋದಿಲ್ಲ. ಯಾಕೆ?

ಫಾಂಡರ್ ಬರೆದ ಪುಸ್ತಕ ‘ಮೀಜಾನುಲ್ ಹಕ್’. 1829ರಲ್ಲಿ ಜರ್ಮನ್‌ನಲ್ಲಿ ಬರೆದದ್ದು, ಆಮೇಲೆ ಫಾರ್ಸಿ, ಉರ್ದುಗೆ ಬಂತು. ಮೀಜಾನ್ ಅಂದ್ರೆ ತಕ್ಕಡಿ. ನಿಜವಾದ ದೇವವಾಣಿ ಹೇಗಿರಬೇಕು ಅಂತ ಅವರು ಮೊದಲು ಕೆಲವು ಅಳತೆಗಳನ್ನು ಇಡುತ್ತಾರೆ. ಆ ಅಳತೆಗೆ ಬೈಬಲ್ ಸರಿಹೊಂದುತ್ತದೆ ಎನ್ನುತ್ತಾರೆ, ಕೊನೆಗೆ ಇಸ್ಲಾಮನ್ನು ಪರೀಕ್ಷೆಗೆ ಒಡ್ಡುತ್ತಾರೆ. ಶ್ರದ್ಧೆಯಿಂದ ಬರೆದ ಪುಸ್ತಕ, ಅನುಮಾನವಿಲ್ಲ. ಆದರೆ ನೀವೇ ಹೇಳಿ: ತಕ್ಕಡಿಯೂ ಅವರದೇ, ಬೊಟ್ಟೂ ಅವರದೇ, ಸರಕೂ ಅವರದೇ ಆದ್ರೆ ಆ ತೂಕವನ್ನು ಯಾರು ಒಪ್ಪುತ್ತಾರೆ?

ಒಪ್ಪಲಿಲ್ಲ. 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿ ಅವರೊಂದಿಗೆ ಫಾಂಡರ್ ಮುನಾಜರಾಕ್ಕೆ ಕೂತರು. ಮೌಲಾನಾ ಜೊತೆಗಿದ್ದ ಡಾಕ್ಟರ್ ವಜೀರ್ ಖಾನ್, ಯುರೋಪಿನ ವಿದ್ವಾಂಸರೇ ಬೈಬಲ್ ಕುರಿತು ಬರೆದ ವಿಮರ್ಶೆಗಳನ್ನು ಓದಿಕೊಂಡು ಬಂದಿದ್ದರು. ಬೈಬಲ್ ಪ್ರತಿಗಳಲ್ಲಿ ಪಾಠಭೇದಗಳು ಇವೆ ಅಂತ ಫಾಂಡರ್ ಒಪ್ಪಬೇಕಾಯಿತು. ಮಾತು ಎರಡೇ ದಿನಕ್ಕೆ ನಿಂತಿತು. ಎರಡೂ ಕಡೆಯವರು ತಮ್ಮ ತಮ್ಮ ವರದಿ ಅಚ್ಚು ಹಾಕಿಸಿದರು. ಮುಂದೆ ಮಕ್ಕಾ ಸೇರಿದ ಮೌಲಾನಾ ‘ಇಜ್ಹಾರುಲ್ ಹಕ್’ ಬರೆದರು.

ಕಿಟೆಲ್ ಬೇರೆ ದಾರಿ ಹಿಡಿದರು. 1853ರಲ್ಲಿ ಬಂದವರು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಯಲ್ಲಿ ಕೆಲಸ ಮಾಡಿದರು. 1862ರಲ್ಲಿ ಬಂದ ಅವರ ‘ಕಥಾಮಾಲೆ’ ಯೇಸುವಿನ ಬದುಕನ್ನು ಕನ್ನಡದ ಪದ್ಯದಲ್ಲಿ ಹೇಳುತ್ತದೆ. ಇಲ್ಲಿ ತಕ್ಕಡಿ ಇಲ್ಲ, ಕಥೆ ಇದೆ. ಕೇಳುವವನು ಸೋಲಬೇಕಾಗಿಲ್ಲ, ಕೂತು ಕೇಳಿದರೆ ಸಾಕು. ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದೂ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟದ್ದೂ ಇದೇ ಕಿಟೆಲ್.

ಕಿಟೆಲ್ ಅವರನ್ನು ಹೊಗಳಿ ಮುಗಿಸಿದರೆ ಅದು ವಿಮರ್ಶೆ ಆಗೋದಿಲ್ಲ. ಅವರೂ ಮಿಷನರಿಯೇ, ಮತಪ್ರಚಾರಕ್ಕೇ ಬಂದವರು. ಅವರ ಎದುರಿಗಿದ್ದ ಜನರೂ ಬೇರೆ. ಕಾವ್ಯ ಕಟ್ಟಿದ್ದರಿಂದ ಜನ ಗುಂಪುಗುಂಪಾಗಿ ಮತ ಬದಲಿಸಲೂ ಇಲ್ಲ. ಇಂದು ಹೆಚ್ಚಿನ ಕನ್ನಡಿಗರು ಬಳಸೋದು ಅವರ ನಿಘಂಟನ್ನು, ‘ಕಥಾಮಾಲೆ’ಯನ್ನಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಎದುರಿನವರ ಭಾಷೆಯನ್ನು ಫಾಂಡರ್ ವಾದಕ್ಕೆ ಬೇಕಾಗಿ ಕಲಿತರು. ಕಿಟೆಲ್ ಕಲಿತದ್ದು ವಾದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಆ ಹೆಚ್ಚುವರಿ ಪಾಲೇ ಅವರ ನಂಬಿಕೆಯನ್ನು ಒಪ್ಪದವರಿಗೂ ದಕ್ಕಿತು.

ಹಾಗಾದರೆ ಮೌಲಾನಾ ವಾದಕ್ಕೆ ಇಳಿದದ್ದು ತಪ್ಪೇ? ಖಂಡಿತ ಅಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಒಬ್ಬರು ಸವಾಲು ಹಾಕಿದಾಗ ಉತ್ತರ ಕೊಡಲೇಬೇಕಿತ್ತು. ಆದರೆ ಉತ್ತರ ಕೊಡೋದು ಬೇರೆ, ನಂಬಿಕೆಯನ್ನು ಹಂಚಿಕೊಳ್ಳೋದು ಬೇರೆ. ಸೂರಾ ನಹ್ಲ್‌ನ 125ನೇ ಆಯತ್ ತೆಗೆದು ನೋಡಿ. ಅಲ್ಲಿ ಹಿಕ್ಮತ್ ಮೊದಲು ಬರುತ್ತದೆ, ವಾದ ಕೊನೆಗೆ. ಆ ಕ್ರಮವನ್ನು ನಾವು ತಿರುವು ಮುರುವು ಮಾಡಿಕೊಂಡಿದ್ದೇವೆ.

ವಿದ್ಯಾರ್ಥಿಗಳೇ, ಈ ಮಾತು ವಿಶೇಷವಾಗಿ ನಿಮಗೆ. ಮೊಬೈಲ್‌ನಲ್ಲಿ ಮುನಾಜರಾದ ತುಣುಕು ನೋಡಿ, ಪಾದ್ರಿಯ ಬಾಯಿ ಮುಚ್ಚಿಸಿದ್ರು ಅಂತ ಖುಷಿ ಪಡ್ತೀರಿ. ಬಾಯಿ ಮುಚ್ಚಿದವನು ನಮ್ಮ ಮಾತು ಒಪ್ಪಿದ ಅಂತ ಅಲ್ಲ. ಪುಣೆಯಲ್ಲೋ ಹೈದರಾಬಾದ್‌ನಲ್ಲೋ ನಿಮ್ಮ ಪಕ್ಕದ ಬೆಂಚಿನಲ್ಲಿ ಕೂರುವ ಕ್ರೈಸ್ತ ಗೆಳೆಯ ತನ್ನ ನಂಬಿಕೆ ಬಗ್ಗೆ ಹೇಳಿದರೆ, ಉತ್ತರ ಹುಡುಕೋ ಮೊದಲು ಪೂರ್ತಿ ಕೇಳಿ. ಅವನು ಏನು ನಂಬುತ್ತಾನೆ ಅನ್ನೋದನ್ನು ಅವನು ಒಪ್ಪುವ ಹಾಗೆ ನಿಮ್ಮ ಮಾತಲ್ಲಿ ಹೇಳೋಕೆ ಬಂದರೆ, ಆಮೇಲೆ ನಿಮ್ಮದನ್ನು ಹೇಳಿ. ಆಗ ಅವನಿಗೂ ಕೇಳೋ ಮನಸ್ಸಾಗಬಹುದು.