ಹೆಜ್ಜಾರ್ಲೆಯ ಗರಿಯಲ್ಲಿ ಯಾವ ಕೆರೆ?

ಮಾರ್ಚ್ ತಿಂಗಳಲ್ಲಿ ಮದ್ದೂರು ಬಳಿಯ ಕೊಕ್ಕರೆ ಬೆಳ್ಳೂರಿನ ಹುಣಸೆ ಮರದಡಿ ನಿಂತರೆ ಮೇಲಿಂದ ಏನಾದರೂ ಬೀಳುತ್ತಲೇ ಇರುತ್ತದೆ. ಹಿಕ್ಕೆ, ಗೂಡಿನ ಕಡ್ಡಿ, ಒಮ್ಮೊಮ್ಮೆ ಮರಿಗೆ ಉಣಿಸುವಾಗ ಜಾರಿದ ಮೀನು. ಬಿದ್ದದ್ದು ಜಿಲೇಬಿ ಮೀನಾದರೆ ಬೆನ್ನಿನ ಮುಳ್ಳು ಇನ್ನೂ ನಿಗುರಿಕೊಂಡೇ ಇರುತ್ತದೆ. ಹೊಟ್ಟೆಯ ಭಾಗ ಮಾತ್ರ ಬೆಂದ ಹಾಗೆ ಮೆತ್ತಗಾಗಿ ಚರ್ಮ ಸುಲಿದಿರುತ್ತದೆ. ಹೆಜ್ಜಾರ್ಲೆ, ಅಂದರೆ ಪೆಲಿಕನ್, ಏನು ತಿನ್ನುತ್ತದೆ ಎಂದು ಊರಿನವರನ್ನು ಕೇಳಿದರೆ ಅವರು ತೋರಿಸುವುದು ಈ ಮೀನನ್ನೇ. ಒಳ್ಳೆಯ ಪುರಾವೆ. ಆದರೂ ಒಂದು ಕೊರತೆ ಇದೆ: ಬಿದ್ದದ್ದು ತಿನ್ನದೇ ಉಳಿದ ಮೀನು. ತಿಂದು ಮೈಗೂಡಿದ್ದು ಯಾವುದು, ಅದು ಯಾವ ನೀರಿನದು ಎಂಬುದನ್ನು ಈ ಮೀನು ಹೇಳಲಾರದು.

ಕೆರೆಗಳ ಆಹಾರ ಜಾಲವನ್ನು ಸ್ಥಿರ ಸಮಸ್ಥಾನಿಗಳಿಂದ, ಅಂದರೆ ವಿಕಿರಣ ಸೂಸದ ಐಸೋಟೋಪುಗಳಿಂದ ಓದುವ ವಿಧಾನ ನೆರವಿಗೆ ಬರುವುದು ಇಲ್ಲೇ. ಸಾರಜನಕದ ಪರಮಾಣುಗಳಲ್ಲಿ ಬಹುಪಾಲು 14ರ ತೂಕದವು. 15ರ ತೂಕದವು ಸಾವಿರಕ್ಕೆ ನಾಲ್ಕೂ ಇರುವುದಿಲ್ಲ. ಪ್ರಾಣಿಗಳ ಮೈ ಹಗುರವಾದದ್ದನ್ನು ಹೆಚ್ಚಾಗಿ ವಿಸರ್ಜಿಸಿ ಭಾರವಾದದ್ದನ್ನು ಕೊಂಚ ಹೆಚ್ಚು ಉಳಿಸಿಕೊಳ್ಳುತ್ತದೆ. ಹೀಗಾಗಿ ಪಾಚಿಯಿಂದ ಬಸವನಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಏರುತ್ತ ಹೋದಂತೆ ಒಂದೊಂದು ಮೆಟ್ಟಿಲಿಗೂ ಭಾರದ ಸಾರಜನಕ ಸರಾಸರಿ ಸಾವಿರಕ್ಕೆ 3.4ರಷ್ಟು ಹೆಚ್ಚುತ್ತದೆ. ಇಂಗಾಲ ಹೀಗೆ ಏರುವುದು ತೀರ ಕಡಿಮೆ. ಅದು ಊಟದ ಮೂಲವನ್ನು ಹೇಳುತ್ತದೆ: ದಡದ ಕಲ್ಲಿಗೆ ಅಂಟಿದ ಪಾಚಿಯೋ, ನಡುಗೆರೆಯಲ್ಲಿ ತೇಲುವ ಪಾಚಿಯೋ ಎಂದು. ವಿಜ್ಞಾನಿಗಳಾದ ಡಿನೀರೋ ಮತ್ತು ಎಪ್‌ಸ್ಟೈನ್ 1978ರಲ್ಲಿ ಇಂಗಾಲಕ್ಕೆ, 1981ರಲ್ಲಿ ಸಾರಜನಕಕ್ಕೆ, ಪ್ರಾಣಿಗಳಿಗೆ ಗೊತ್ತಿರುವ ಆಹಾರವನ್ನೇ ಉಣಿಸಿ, ಮೈಯ ಗುರುತು ಊಟವನ್ನು ಅನುಸರಿಸುತ್ತದೆ ಎಂದು ತೋರಿಸಿಕೊಟ್ಟರು.

ಈ ವಿಧಾನದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆನೆಗಳಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ದಕ್ಷಿಣ ಭಾರತದ ಆನೆಗಳ ಮೂಳೆಯ ಇಂಗಾಲವನ್ನು ಅಳೆದು 1987ರಲ್ಲಿ ಪ್ರಕಟಿಸಿದರು. ನಮ್ಮ ಕಾಡಿನ ಹುಲ್ಲಿಗೂ ಗಿಡಮರಗಳ ಸೊಪ್ಪಿಗೂ ಇಂಗಾಲದ ಗುರುತು ಬೇರೆ ಬೇರೆ. ಹುಲ್ಲು ಮೇಯುತ್ತ ನಿಂತ ಆನೆ ಕಣ್ಣಿಗೆ ಬೀಳುತ್ತದೆ. ಅದರ ಮೈ ಕಟ್ಟುವುದರಲ್ಲಿ ಸೊಪ್ಪು, ತೊಗಟೆಗಳ ಪಾಲು ದೊಡ್ಡದೆಂದು ಮೂಳೆ ಹೇಳಿತು. ಕಣ್ಣು ಕಂಡದ್ದಕ್ಕೂ ಮೈ ಉಳಿಸಿಕೊಂಡದ್ದಕ್ಕೂ ಇರುವ ಈ ಅಂತರವನ್ನು ತೋರಿಸುವುದೇ ವಿಧಾನದ ನಿಜವಾದ ಕೊಡುಗೆ.

ಹಾಗೆಂದು ಅದನ್ನು ಮದ್ದೂರಿನ ಕೆರೆಗಳಿಗೆ ಕಣ್ಣುಮುಚ್ಚಿ ತರಲಾಗದು. ಏಣಿಯ ಮೆಟ್ಟಿಲು ಎಣಿಸಬೇಕಾದರೆ ಏಣಿ ಯಾವ ನೆಲದ ಮೇಲೆ ನಿಂತಿದೆ ಎಂದು ಮೊದಲು ಗೊತ್ತಾಗಬೇಕು. ಮಂಡ್ಯದ ಸೀಮೆಯಲ್ಲಿ ಆ ನೆಲವೇ ಅಲುಗಾಡುತ್ತದೆ. ಗದ್ದೆಗೆ ಎರಚುವ ಯೂರಿಯಾದ ಸಾರಜನಕ ಗಾಳಿಯಿಂದ ಬಂದದ್ದು, ಗಾಳಿಯ ಸಾರಜನಕಕ್ಕೆ ಹೋಲಿಸಿ ಸಾವಿರಕ್ಕೆ ಎಷ್ಟೆಂದು ಎಣಿಸುವ ಅಳತೆಯಲ್ಲಿ ಅದು ಸೊನ್ನೆಯ ಆಸುಪಾಸು. ಊರ ಚರಂಡಿ ನೀರಿನದು, ತಿಪ್ಪೆ ಗೊಬ್ಬರದ್ದು ಹತ್ತನ್ನೂ ದಾಟಬಹುದು. ಒಂದು ಕೆರೆಗೆ ಗದ್ದೆಯ ಬಸಿ ನೀರು, ಇನ್ನೊಂದಕ್ಕೆ ಪಟ್ಟಣದ ಕೊಚ್ಚೆ ಸೇರಿದರೆ, ಎರಡನೆಯದರ ಪಾಚಿಯೇ ಮೊದಲನೆಯದರ ಮೀನಿಗಿಂತ ಮೇಲಿನ ಮೆಟ್ಟಿಲಲ್ಲಿ ಇರುವಂತೆ ಕಾಣುತ್ತದೆ! ಇಂಗಾಲದ ಕಥೆಯೂ ಅಷ್ಟೇ ತೊಡಕಿನದು. ಒಂದು ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಲೆಕ್ಕ ಹಾಕಿದರೆ ಕಬ್ಬು, ರಾಗಿಯ ಗುರುತು ಸುಮಾರು ಋಣ 13, ಭತ್ತದ್ದು ಋಣ 27ರ ಹತ್ತಿರ. ಕಬ್ಬಿನ ತರಗು ಕೊಳೆತು ಕಾಲುವೆಗುಂಟ ಕೆರೆ ಸೇರಿದರೆ, ಸಾಕಿದ ಗೆಂಡೆ ಮೀನಿಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿದರೆ, ಕೆರೆಯ ಇಂಗಾಲದಲ್ಲಿ ಹೊಲವೂ ಬೆರೆಯುತ್ತದೆ.

ಪರಿಸರ ವಿಜ್ಞಾನಿ ಡೇವಿಡ್ ಪೋಸ್ಟ್ 2002ರ ಲೇಖನವೊಂದರಲ್ಲಿ ಕೊಟ್ಟ 3.4 ಎಂಬ ಸಂಖ್ಯೆಯನ್ನು ಎಷ್ಟೋ ಅಧ್ಯಯನಗಳು ಹಾಗೆಯೇ ಎತ್ತಿಕೊಳ್ಳುತ್ತವೆ. ಆದರೆ ಅದೇ ಲೇಖನದ ಹೆಚ್ಚು ಬೆಲೆಯುಳ್ಳ ಮಾತು ಬುಡದ ಅಳತೆಯ ಬಗ್ಗೆ: ದಡಕ್ಕೆ ಬಸವನಹುಳು, ನಡುನೀರಿಗೆ ಕಪ್ಪೆಚಿಪ್ಪು, ಪ್ರತಿ ಕೆರೆಗೂ ಬೇರೆ ಬೇರೆ. ಶಿಂಷಾ ನದಿಯಿಂದ, ತೈಲೂರು ಕೆರೆಯಿಂದ, ಮದ್ದೂರು ಕೆರೆಯಿಂದ ಮೊದಲು ಹುಳು, ಚಿಪ್ಪು ತರದೆ ಹೆಜ್ಜಾರ್ಲೆಯ ಗರಿಯನ್ನು ಅಳೆದರೆ ಅಂಕಿ ಸಿಕ್ಕೀತು, ಅರ್ಥ ಸಿಗದು. ಎಲ್ಲ ಕೆರೆಗೂ ಒಂದೇ ಥರದ ನೀರು ಸೇರುತ್ತಿದ್ದರೆ, ಹುಳು ತಂದರೂ ಯಾವ ಕೆರೆಯ ಮೀನೆಂದು ಬೇರ್ಪಡಿಸುವುದು ಕಷ್ಟವೇ.

ಇನ್ನೊಂದು ಮಿತಿ ನನಗೆ ಹೆಚ್ಚು ನೋವಿನದು. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇದೇ ಊರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಮರದಿಂದ ಉದುರಿ ಸತ್ತವು. ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕವು. ಇಂಥ ಹುಳುವಿನ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬಿದ್ದು, ತೀರ ಸಣ್ಣ ನೀರುಜೀವಿಯೊಳಗೆ, ಅಲ್ಲಿಂದ ಮೀನಿನೊಳಗೆ ಸೇರಿ ಮತ್ತೆ ಹಕ್ಕಿಗೇ ಬರುತ್ತದೆ. ಇದೂ ಆಹಾರ ಜಾಲವೇ, ಸಾವನ್ನು ಸಾಗಿಸುವ ಜಾಲ. ಇಲ್ಲಿ ಸಮಸ್ಥಾನಿ ಹೆಚ್ಚು ನೆರವಾಗದು; ಪರಾವಲಂಬಿಗಳು ಮೆಟ್ಟಿಲಿನ ಲೆಕ್ಕಕ್ಕೆ ಒಗ್ಗುವುದಿಲ್ಲ, ಎಷ್ಟೋ ಸಲ ಆಶ್ರಯ ಕೊಟ್ಟ ಜೀವಿಗಿಂತ ಕೆಳಗೇ ಕಾಣಿಸಿಕೊಳ್ಳುತ್ತವೆ. ಮೀನಿನ ಹೊಟ್ಟೆ ಸೀಳಿ ಹುಳು ಹುಡುಕುವ ಹಳೆಯ ಕೆಲಸವೇ ಬೇಕು. ಹೊಸ ಯಂತ್ರ ಬಂತೆಂದು ಆ ಕೆಲಸ ಬಿಟ್ಟವರು ತಪ್ಪು ಮಾಡುತ್ತಾರೆ.

ಇಷ್ಟಿದ್ದರೂ ಈ ವಿಧಾನ ಕೊಕ್ಕರೆ ಬೆಳ್ಳೂರಿಗೆ ಬರಲಿ ಎಂದೇ ನನ್ನ ಆಸೆ. ಯಾಕೆಂದರೆ ಬೇರೆಡೆ ಕಷ್ಟಪಟ್ಟು ಹೊಂದಿಸಿಕೊಳ್ಳಬೇಕಾದದ್ದು ಇಲ್ಲಿ ಊರಿನ ರೂಢಿಯಲ್ಲೇ ಇದೆ. ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಗೂಡು ಕಟ್ಟುವುದು ಒಂದೇ ಊರಿನ ಮರಗಳಲ್ಲಿ. ಒಂದು ಚೀಲದ ಕೊಕ್ಕಿನಲ್ಲಿ ನೀರು ಸಮೇತ ಮೀನು ಮೊಗೆಯುತ್ತದೆ, ಇನ್ನೊಂದು ಮೊಣಕಾಲು ನೀರಿನಲ್ಲಿ ಕೊಕ್ಕು ತೆರೆದು ತಡಕುತ್ತದೆ. ಎರಡಕ್ಕೂ ಒಂದೇ ಮೀನೋ, ದಡದ್ದೂ ನಡುನೀರಿನದೂ ಹಂಚಿಕೆಯಾಗಿದೆಯೋ ಎಂಬುದಕ್ಕೆ ಇಂಗಾಲ ಉತ್ತರ ಕೊಡಬಲ್ಲದು. ಮರದಡಿಯ ಗುಂಡಿಯಲ್ಲಿ ಕೂಡಿಟ್ಟ ಹಿಕ್ಕೆ ಹೊಲಕ್ಕೆ ಹೋದಾಗ ಕೆರೆಯ ಭಾರದ ಸಾರಜನಕ ರಾಗಿಯ ತೆನೆಯವರೆಗೂ ಏರಬೇಕು. ಬಾಣಂತನಕ್ಕೆ ಬಂದ ಮನೆಮಗಳೆಂದು ಹಕ್ಕಿಯನ್ನು ಕರೆಯುವ ಊರು, ಆ ಮಗಳು ತಂದ ಉಡುಗೊರೆಯನ್ನು ಕಾಳಿನಲ್ಲೇ ಅಳೆದು ನೋಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು 1994ರಲ್ಲಿ ಹುಟ್ಟಿದ ಹೆಜ್ಜಾರ್ಲೆ ಬಳಗದ ಕೆಲಸ. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ಉಣಿಸಿ, ಹಾರುವವರೆಗೆ ಊರ ಹುಡುಗರು ಸಾಕಿದರು. ಡಿನೀರೋ, ಎಪ್‌ಸ್ಟೈನ್ ಪ್ರಯೋಗಶಾಲೆಯಲ್ಲಿ ಮಾಡಿದ್ದೂ ಮೂಲತಃ ಇದೇ: ಏನು ಉಣಿಸಿದೆವು ಎಂದು ಗೊತ್ತಿಟ್ಟುಕೊಂಡು ಮೈಯನ್ನು ಅಳೆಯುವುದು. ಅರಣ್ಯ ಇಲಾಖೆಯ ಅನುಮತಿ ಪಡೆದು ಅಂಥ ಮರಿಯ ಒಂದು ಗರಿಯ ತುದಿಯನ್ನೂ ಬುಡವನ್ನೂ, ಉಣಿಸಿದ ಮೀನಿನ ಒಂದು ಚೂರನ್ನೂ ತೆಗೆದಿಟ್ಟರೆ, ಎಲ್ಲಿಂದಲೋ ತಂದ 3.4ರ ಬದಲು ಹೆಜ್ಜಾರ್ಲೆಯದೇ ಲೆಕ್ಕ ಸಿಗುತ್ತದೆ. ಗರಿ ಬೆಳೆಯುವುದು ಬುಡದಿಂದ, ತುದಿಯೇ ಹಳೆಯದು. ಬಿದ್ದ ಮರಿಯ ಗರಿಯ ತುದಿಯಲ್ಲಿ ತಾಯಿ-ತಂದೆ ಯಾವುದೋ ಕೆರೆಯಿಂದ ತಂದ ಮೀನಿರುತ್ತದೆ, ಬುಡದಲ್ಲಿ ಊರಿನವರು ಬಕೆಟ್‌ನಲ್ಲಿ ತಂದು ಉಣಿಸಿದ ಮೀನು.