ಎಣಿಕೆಗೆ ಸಿಗುವ ಪದ, ಸಿಗದ ನುಡಿ: ಮಿದುಳು ಪ್ರಚೋದನೆ ಮತ್ತು ಅಫೇಸಿಯಾ ಚೇತರಿಕೆಯ ಮಾಪನ

ಪಾರ್ಶ್ವವಾಯುವಿನ ಅನಂತರದ ಅಫೇಸಿಯಾಕ್ಕೆ ಮಿದುಳಿನ ವಿದ್ಯುತ್ ಪ್ರಚೋದನೆ ನೆರವಾಗುವುದೇ ಎಂಬ ಚರ್ಚೆಯಲ್ಲಿ ಫ್ರಿಡ್ರಿಕ್ಸನ್ ಮತ್ತು ಸಹಲೇಖಕರ 2018ರ ಪ್ರಯೋಗವನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. 74 ರೋಗಿಗಳಿಗೆ ಮೂರು ವಾರಗಳಲ್ಲಿ 15 ಅವಧಿಗಳ ವಾಕ್ ಚಿಕಿತ್ಸೆ ದೊರೆಯಿತು. ಅದರೊಡನೆ ಒಂದು ಗುಂಪಿಗೆ 1 ಮಿಲಿಆಂಪಿಯರ್ ನೇರ ವಿದ್ಯುತ್ತು, ಇನ್ನೊಂದಕ್ಕೆ ಹುಸಿ ಪ್ರಚೋದನೆ. ಸರಿಯಾಗಿ ಹೆಸರಿಸಿದ ನಾಮಪದಗಳ ಸರಾಸರಿ ಏರಿಕೆ ಕ್ರಮವಾಗಿ 13.9 ಮತ್ತು 8.2. ಆದರೆ ಈ ಪ್ರಯೋಗ ಕೇಳಿದ್ದು 'ಮುಂದಿನ ದೊಡ್ಡ ಪ್ರಯೋಗ ನಿರರ್ಥಕವೇ?' ಎಂದು ಮಾತ್ರ; ನಿರರ್ಥಕವೆನ್ನಲು ಆಧಾರವಿಲ್ಲವೆಂಬುದೇ ಅದರ ಉತ್ತರ. ಇದನ್ನು ಪರಿಣಾಮದ ಪುರಾವೆಯೆಂದು ಉದ್ಧರಿಸುವುದು ತಪ್ಪು.

ನಮ್ಮ ಆಕ್ಷೇಪ ಇನ್ನೂ ಮೂಲಭೂತವಾದುದು: ನಾಮಪದಗಳ ಎಣಿಕೆ ಭಾಷಾ ಚೇತರಿಕೆಯನ್ನು ಪ್ರತಿನಿಧಿಸಬಲ್ಲುದೇ? ಕನ್ನಡದಲ್ಲಿ ಕಾಲ, ಪುರುಷ, ನಿಷೇಧ, ವಿಧಿಗಳೆಲ್ಲ ಕ್ರಿಯಾರೂಪದಲ್ಲಿ ಅಡಕವಾಗಿವೆ. ಸೇವಂತಿಗೆಗೆ ಹೆಸರಾದ ಹೆಮ್ಮಾಡಿಯ ಬೆಳೆಗಾರರೊಬ್ಬರನ್ನು ಊಹಿಸೋಣ. ಚಿತ್ರ ನೋಡಿ 'ಸೇವಂತಿಗೆ' ಎಂದರೆ ಅವರಿಗೆ ಅಂಕ ಸಿಗುತ್ತದೆ. ಪೇಟೆಗೆ 'ಹೋಯ್ಕ್' ಎಂದು ಮನೆಯವರಿಗೆ ಹೇಳಬಲ್ಲರೇ ಎಂಬುದು ಅಳತೆಗೆ ಬರುವುದೇ ಇಲ್ಲ. ಬಂದರೂ, 'ಹೋಗಬೇಕು' ಎಂಬ ಶಿಷ್ಟರೂಪವನ್ನಷ್ಟೇ ಸರಿಯೆಂದು ಗಣಿಸುವ ಪರೀಕ್ಷಕರು ಕುಂದಾಪುರ ಕನ್ನಡದ ಈ ಸಹಜ ರೂಪವನ್ನು ಪ್ರತ್ಯಯಲೋಪವೆಂದು ದಾಖಲಿಸುವ ಅಪಾಯವಿದೆ.

ಇಂತಹ ದೋಷ ಎರಡೂ ಗುಂಪುಗಳಲ್ಲಿ ಸಮನಾಗಿರುವುದರಿಂದ ಹೋಲಿಕೆ ಕೆಡದೆಂದು ವಾದಿಸಬಹುದು. ದೋಷ ಸ್ಥಿರವಾಗಿದ್ದರೆ ಈ ವಾದ ಒಪ್ಪತಕ್ಕದ್ದೇ. ಆದರೆ ಚಿಕಿತ್ಸೆಯೇ ಶಿಷ್ಟರೂಪಗಳನ್ನು ಕಲಿಸುವಾಗ ಅದು ಸ್ಥಿರವಾಗಿ ಉಳಿಯದು. ಮನೆಮಾತು ಮರಳದಿದ್ದರೂ ಅಂಕ ಏರುತ್ತದೆ. ಎರಡೂ ಗುಂಪುಗಳು ಹೀಗೆ ಏರಿದರೆ ಪ್ರಚೋದನೆಯ ನಿಜವಾದ ಪರಿಣಾಮ ಮರೆಯಾಗುತ್ತದೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ಆವೃತ್ತಿಯ ದತ್ತಾಂಶವನ್ನು 2008ರಲ್ಲಿಯೇ ಪ್ರಕಟಿಸಿದ್ದಾರೆ. ಆ ಬುನಾದಿಯ ಮೇಲೆ ಉಪಭಾಷಾ ರೂಪಗಳ ಅಂಕಸೂಚಿಯನ್ನು ಸೇರಿಸುವುದು ವೈದ್ಯರ ಕೆಲಸವಲ್ಲ, ಭಾಷಾವಿಜ್ಞಾನಿಗಳದು. ಕನ್ನಡದಲ್ಲಿ ನಡೆಯುವ ಯಾವುದೇ ಪ್ರಚೋದನಾ ಪ್ರಯೋಗವು ಚಿಕಿತ್ಸೆಗೆ ಮುನ್ನ ಮತ್ತು ಅನಂತರ ಮನೆಮಾತಿನ ಸಂಭಾಷಣೆಯನ್ನು ಧ್ವನಿಮುದ್ರಿಸಿ, ಕ್ರಿಯಾರೂಪಗಳ ಫಲಿತಾಂಶವನ್ನು ಪ್ರತ್ಯೇಕವಾಗಿ ವರದಿಮಾಡಬೇಕು. ಇಲ್ಲವಾದರೆ ವಿದ್ಯುತ್ತು ಮರಳಿಸಿದ್ದು ಪದಪಟ್ಟಿಯನ್ನೋ ಮಾತನ್ನೋ ಎಂಬುದು ನಿರ್ಧಾರವಾಗದೆ ಉಳಿಯುತ್ತದೆ.