ಗೀತಗುಚ್ಛಗಳ ತಾರತಮ್ಯ: ಒಂದು ವಿಚಾರ

ಜನಪ್ರಿಯ ಸಂಗೀತದ ಗೀತಗುಚ್ಛಗಳನ್ನು ದಶಕದಶಕಗಳಾಗಿ ವಿಂಗಡಿಸಿ, ಒಂದನೆಯದು, ಎರಡನೆಯದು ಎಂದು ಅವಕ್ಕೆ ಸ್ಥಾನವನ್ನು ನಿರ್ಣಯಿಸುವ ಪದ್ಧತಿಯು ಪಶ್ಚಿಮದ ಪತ್ರಿಕೆಗಳಲ್ಲಿ ಬೇರೂರಿ, ಈಗ ನಮ್ಮ ವಿದ್ಯಾರ್ಥಿಗಳ ಮಾತುಕತೆಯಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಇದನ್ನು ಕೇವಲ ವಿನೋದವೆಂದು ತಳ್ಳಿಹಾಕುವುದು ಸುಲಭ. ಆದರೆ ಪಟ್ಟಿಗೆ ಇರುವ ಶಕ್ತಿಯನ್ನು ಕನ್ನಡ ಸಾಹಿತ್ಯದ ಅಭ್ಯಾಸಿಗಳು ಅಲಕ್ಷಿಸಲಾರರು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಗದ್ಯಕಾರರೆಂದೂ, ಕವೀಶ್ವರ, ಲೋಕಪಾಲ ಮೊದಲಾದವರನ್ನು ಪದ್ಯಕಾರರೆಂದೂ ಹೆಸರಿಸಿದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಹೆಸರುಗಳು ಮಾತ್ರ ಆ ಪಟ್ಟಿಯ ದೆಸೆಯಿಂದ ಉಳಿದುಬಂದಿವೆ. ಪಟ್ಟಿಯಲ್ಲಿ ಸೇರದೆಹೋದವರು ಯಾರೆಂದು ಕೇಳುವ ಉಪಾಯವೇ ಇಲ್ಲ. ಆದುದರಿಂದ ಪಟ್ಟಿಯನ್ನು ಯಾರು, ಯಾವ ಅಳತೆಗೋಲಿನಿಂದ ಮಾಡುತ್ತಾರೆಂಬುದು ವಿಮರ್ಶೆಗೆ ಸಲ್ಲುವ ಪ್ರಶ್ನೆಯೇ ಆಗಿದೆ. ಅದನ್ನು ಕನ್ನಡದ ಸುಗಮ ಸಂಗೀತ ಮತ್ತು ಬೆಂಗಳೂರಿನ ದಂಡುಪ್ರದೇಶದ ಸಂಗೀತ ಇವೆರಡನ್ನೂ ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ಗೀತಗುಚ್ಛ, ಅಂದರೆ ಲೋಕರೂಢಿಯ ‘ಆಲ್ಬಂ’, ಎಂಬುದು ರಾಗದಂತೆ ಅಥವಾ ಕೀರ್ತನೆಯಂತೆ ಸಂಗೀತದ ಒಳಗಿನಿಂದ ಹುಟ್ಟಿದ ರೂಪವಲ್ಲ; ಯಂತ್ರವು ಕೊಟ್ಟ ಅವಕಾಶದಿಂದ ಹುಟ್ಟಿದ ರೂಪ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು 3 ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದಲ್ಲಿ ದೀರ್ಘಾವಧಿಯ ಧ್ವನಿಮುದ್ರಿಕೆ ಬಂದ ಮೇಲೆಯೇ ಹಲವು ಹಾಡುಗಳನ್ನು ಒಂದೇ ಕಟ್ಟಡವಾಗಿ ಕಲ್ಪಿಸುವುದು ಸುಕರವಾಯಿತು. 1963ರಲ್ಲಿ ಯೂರೋಪಿನಲ್ಲಿ ಹುಟ್ಟಿದ ಧ್ವನಿಸುರುಳಿಯು ಮುಂದಿನ ಎರಡು ದಶಕಗಳಲ್ಲಿ ನಮ್ಮ ಮನೆಗಳನ್ನು ಹೊಕ್ಕಿತು. ಈಗ ಕೈಯಲ್ಲಿರುವ ಫೋನಿನಲ್ಲಿ ಒಂದೊಂದೇ ಹಾಡನ್ನು ಆರಿಸಿ ಕೇಳುವ ಅಭ್ಯಾಸವು ಬಲವಾಗಿ, ಬಿಡಿಹಾಡೇ ಮರಳಿ ಘಟಕವಾಗಿದೆ.

ಇದರ ಪರಿಣಾಮವೇನು? ನವೋದಯ ಕವಿಗಳ ರಚನೆಗಳನ್ನು ಸಭೆಸಭೆಗಳಲ್ಲಿ ಹಾಡಿ ಜನರ ನಾಲಗೆಯ ಮೇಲೆ ನಿಲ್ಲಿಸಿದ ಪಿ. ಕಾಳಿಂಗರಾಯರು (1914–1981) ಮುಖ್ಯವಾಗಿ ವೇದಿಕೆಗೂ ಬಿಡಿತಟ್ಟೆಗೂ ಸೇರಿದವರು. ಗೀತಗುಚ್ಛಗಳನ್ನೇ ಎಣಿಸುವ ಪಟ್ಟಿಯಲ್ಲಿ ಅವರಿಗೆ ಸ್ಥಳವೇ ಸಿಕ್ಕುವುದಿಲ್ಲ. ಆದರೆ ಅವರಿಲ್ಲದೆ ಆ ಪಟ್ಟಿಯಲ್ಲಿರುವ ಕನ್ನಡದ ಯಾವ ಭಾವಗೀತೆಯ ಗುಚ್ಛವನ್ನೂ ವಿವರಿಸಲಾಗದು. ದಶಕಗಳನ್ನು ಹೋಲಿಸುತ್ತೇವೆಂದು ಹೊರಟವರು ಎಷ್ಟೋ ವೇಳೆ ಹೋಲಿಸುವುದು ಸಂಗೀತವನ್ನಲ್ಲ, ಸಂಗೀತವನ್ನು ಹೊತ್ತು ತಂದ ಸಾಧನಗಳನ್ನು.

ಎರಡನೆಯದಾಗಿ, ಕರ್ತೃತ್ವದ ಪ್ರಶ್ನೆ. ಪಶ್ಚಿಮದ ಪಟ್ಟಿಗಳು ಗುಚ್ಛವನ್ನು ಹಾಡಿದವರ ಹೆಸರಿಗೆ ಬರೆಯುತ್ತವೆ. ನಮ್ಮಲ್ಲಿ ಕವಿ, ಸ್ವರಸಂಯೋಜಕ, ಗಾಯಕ ಎಂಬ ಮೂವರು ಸೇರುತ್ತಾರೆ. ಮೂವರಲ್ಲಿ ಕವಿಯು ಬಹುಮಟ್ಟಿಗೆ ಮುಂಚೆಯೇ ಬರೆದು ಮುಗಿಸಿದವನು. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾಗಿದೆ. ಅದರ ಕವಿ ದೇವನಹಳ್ಳಿಯಲ್ಲಿ ಹುಟ್ಟಿ ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ. ಎಸ್. ನಿಸಾರ್ ಅಹಮದ್, ಸ್ವರ ಸಂಯೋಜಿಸಿದವರು ಮೈಸೂರು ಅನಂತಸ್ವಾಮಿ. ಇದು ಯಾರ ಕೃತಿ ಎಂದು ಕೇಳಿದರೆ ಒಂದೇ ಹೆಸರಿನ ಉತ್ತರವಿಲ್ಲ. ಹಾಡಾಗುವ ಮೊದಲೇ ಕವಿತೆಗೆ ತನ್ನದೊಂದು ಲಯವೂ ಅರ್ಥವೂ ಇರುವುದರಿಂದ, ಸ್ವರವು ಆ ಅರ್ಥವನ್ನು ಬೆಳಗಿಸಿತೇ ಅಥವಾ ಮುಚ್ಚಿತೇ ಎಂಬುದನ್ನು ಇಲ್ಲಿ ವಿಮರ್ಶಕನು ಅವಶ್ಯವಾಗಿ ನೋಡಬೇಕಾಗುತ್ತದೆ.

ಮೂರನೆಯದಾಗಿ, ನಿರ್ಣಾಯಕರ ಪ್ರಶ್ನೆ. ‘ರೋಲಿಂಗ್ ಸ್ಟೋನ್’ ಪತ್ರಿಕೆಯು 2003ರಲ್ಲಿ ಪ್ರಕಟಿಸಿದ 500 ಗುಚ್ಛಗಳ ಪಟ್ಟಿಯಲ್ಲಿ ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಪ್ರಥಮ ಸ್ಥಾನದಲ್ಲಿತ್ತು. 2020ರಲ್ಲಿ ಹೊಸದಾಗಿ ಮತ ಕೇಳಿದಾಗ ಅದೇ ಕೃತಿ 24ನೆಯ ಸ್ಥಾನಕ್ಕೆ ಇಳಿಯಿತು. ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಮೊದಲನೆಯದಾಯಿತು. ಈ ಅವಧಿಯಲ್ಲಿ ಎರಡು ಕೃತಿಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಮತದಾರರ ಸಮೂಹ, ಮತ್ತು ಅವರು ಸಂಗೀತದಿಂದ ಬಯಸಿದ ಫಲ.

ನಮ್ಮ ನಗರದಲ್ಲಿ ಈ ಪ್ರಶ್ನೆಯು ಇನ್ನಷ್ಟು ತೀವ್ರವಾಗುತ್ತದೆ. 1809ರಲ್ಲಿ ಸ್ಥಾಪಿತವಾದ ದಂಡುಪ್ರದೇಶವು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ಪೇಟೆಯ ಭಾಗದೊಡನೆ ಒಂದೇ ನಗರಸಭಾಡಳಿತಕ್ಕೆ ಸೇರಿತು. ಆಡಳಿತ ಒಂದಾದ ಮಾತ್ರಕ್ಕೆ ಕಿವಿ ಒಂದಾಗಲಿಲ್ಲ. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು, ಮಹಾತ್ಮಾ ಗಾಂಧಿ ರಸ್ತೆಯ ಸುತ್ತ ಇಂಗ್ಲಿಷು, ಕೃಷ್ಣರಾಜಪುರದ ಕಡೆ ಕನ್ನಡದೊಡನೆ ತೆಲುಗು, ಹೀಗೆ ಹಾಡಿನ ಭಾಷೆ ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಇಂದಿರಾನಗರ ಒಂದರಲ್ಲಿಯೇ ಪುರಂದರ ಭವನದ ಕಚೇರಿಗಳನ್ನು ಕೇಳುವವರೂ ಇದ್ದಾರೆ. 2019ರಲ್ಲಿ ಮುಚ್ಚಿದ ‘ಹಮ್ಮಿಂಗ್ ಟ್ರೀ’ ಎಂಬಲ್ಲಿ ಹೊಸ ವಾದ್ಯತಂಡಗಳಿಗೆ ಕಿವಿಗೊಟ್ಟವರೂ ಇದ್ದಾರೆ. ಒಬ್ಬರು ಮಾಡುವ ಪಟ್ಟಿಯಲ್ಲಿ ಅನಂತಸ್ವಾಮಿಯವರ ಹೆಸರಿರದು. ಇನ್ನೊಬ್ಬರ ಪಟ್ಟಿಯಲ್ಲಿ 1996ರಲ್ಲಿ ಇದೇ ನಗರದಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದ ಹೆಸರಿರದು. ಇಬ್ಬರೂ ತಮ್ಮ ಪಟ್ಟಿಯನ್ನು ‘ಬೆಂಗಳೂರಿನ ಸಂಗೀತ’ವೆಂದೇ ಕರೆಯುತ್ತಾರೆ.

ಹಾಗಾದರೆ ತಾರತಮ್ಯವನ್ನೇ ಬಿಟ್ಟುಬಿಡಬೇಕೆ? ಬಿಡಬಾರದೆಂದು ನಮ್ಮ ಅಭಿಪ್ರಾಯ. ಎಲ್ಲವೂ ಸಮವೆನ್ನುವ ವಿಮರ್ಶೆಯು ಔದಾರ್ಯದ ಹೆಸರಿನಲ್ಲಿ ತನ್ನ ಕರ್ತವ್ಯದಿಂದ ಜಾರಿಕೊಳ್ಳುತ್ತದೆ. ಆದರೆ ಅಳತೆಗೋಲುಗಳನ್ನು ಮೊದಲು ಹೇಳಿ ಅನಂತರ ಅಳೆಯಬೇಕು. ನಾವು ಮೂರನ್ನು ಇಟ್ಟುಕೊಂಡಿದ್ದೇವೆ: ಗುಚ್ಛದ ಸಮಗ್ರತೆ, ಮಾತಿಗೂ ಸ್ವರಕ್ಕೂ ಇರುವ ಔಚಿತ್ಯ, ತನ್ನ ಮೂಲಶ್ರೋತೃಗಳನ್ನು ಮೀರಿ ಹೋಗುವ ಸಾಮರ್ಥ್ಯ. ಮೊದಲಿಗನೆಂಬ ಕೀರ್ತಿಯನ್ನಾಗಲಿ ಮಾರಾಟದ ಸಂಖ್ಯೆಯನ್ನಾಗಲಿ ಗುಣವೆಂದು ಎಣಿಸಿಲ್ಲ.

ಈ ಕ್ರಮದಲ್ಲಿ ಪ್ರಥಮ ಸ್ಥಾನವನ್ನು ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಗಳಿಗೆ ಸಿ. ಅಶ್ವತ್ಥ್ ಸ್ವರ ಸಂಯೋಜಿಸಿದ ‘ಮೈಸೂರು ಮಲ್ಲಿಗೆ’ಗೆ ಕೊಡುತ್ತೇವೆ. 1942ರ ಆ ಸಂಕಲನದ ದಾಂಪತ್ಯಲೋಕವೇ ಹಾಡುಗಳಿಗೂ ಏಕತೆಯನ್ನು ತಂದುಕೊಟ್ಟಿದೆ. ಒಂದನ್ನು ಕೇಳಿದವನಿಗೆ ಮುಂದಿನದು ಅದೇ ಮನೆಯ ಇನ್ನೊಂದು ಕೋಣೆಯಂತೆ ತೋರುತ್ತದೆ. ‘ನಿತ್ಯೋತ್ಸವ’ವು ದ್ವಿತೀಯ. ಅದರ ಐತಿಹಾಸಿಕ ಮಹತ್ವ ಹೆಚ್ಚಿನದು, ಸ್ವರಗಳ ಔಚಿತ್ಯವೂ ಅಸಾಧಾರಣವಾದದ್ದು. ಆದರೆ ಅದು ಬಿಡಿಹೂಗಳ ಮಾಲೆ. ತೃತೀಯ ಸ್ಥಾನ 1987ರ ‘ಪ್ರೇಮಲೋಕ’ಕ್ಕೆ. ಚಲನಚಿತ್ರವೆಂದು ಇದನ್ನು ಹೊರಗಿಡುವವರಿದ್ದಾರೆ. ಆದರೆ ಹಂಸಲೇಖ ಅವರು ಮಾತನ್ನೂ ಸ್ವರವನ್ನೂ ತಾವೇ ರಚಿಸಿ, ಕಾಲೇಜು ಹುಡುಗರ ಆಡುಮಾತನ್ನು ಹಾಡಿನೊಳಕ್ಕೆ ತಂದು, ಕಥೆಯ ಬಹುಭಾಗವನ್ನು ಹಾಡುಗಳಿಂದಲೇ ನಡೆಸಿದರು. ಕರ್ತೃತ್ವದ ಏಕತೆ ಇಷ್ಟು ಸ್ಪಷ್ಟವಾಗಿರುವ ಕನ್ನಡ ಗುಚ್ಛಗಳು ವಿರಳ.

ನಾಲ್ಕನೆಯ ಸ್ಥಾನದಲ್ಲಿ ವಾದವೇಳುವುದು ಸಹಜ. 2008ರ ‘ರಘು ದೀಕ್ಷಿತ್’ ಗುಚ್ಛದಲ್ಲಿ ಶಿಶುನಾಳ ಷರೀಫರ (1819–1889) ಪದಗಳಿವೆ. ಅಶ್ವತ್ಥ್ ಅವರ ಹಾಡಿಕೆಯಲ್ಲಿಯೂ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿಯೂ ಷರೀಫರ ಪದಗಳನ್ನು ಕೇಳಿದವರಿಗೆ ಭೇದ ಒಡನೆಯೇ ತಿಳಿಯುತ್ತದೆ: ಅಲ್ಲಿ ಪದದ ಮಾತು ಮುಂದೆ ನಿಂತಿದೆ, ಇಲ್ಲಿ ಗಿಟಾರ್, ಪಿಟೀಲು, ತಾಳವಾದ್ಯಗಳು ಮಾತಿನೊಡನೆ ಸಮನಾಗಿ ನಿಂತಿವೆ. ಅನುಭಾವವು ಕೊಂಚ ತೆಳುವಾದರೂ, ಕನ್ನಡವರಿಯದ ಕೇಳುಗರವರೆಗೆ ಷರೀಫರನ್ನು ಒಯ್ದ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಆದರೆ ಹಿಂದಿ, ಇಂಗ್ಲಿಷ್ ಹಾಡುಗಳೂ ಕೂಡಿಕೊಂಡು ಗುಚ್ಛದ ಏಕತೆ ಸಡಿಲವಾಗಿದೆ. ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದ 2012ರ ‘3 ವೀಲ್ಸ್ 9 ಲೈವ್ಸ್’ ಬೆಂಗಳೂರಿನ ಆಟೋರಿಕ್ಷಾವನ್ನು ರೂಪಕವಾಗಿ ಹಿಡಿದು ಮೂರು ತಟ್ಟೆಗಳಷ್ಟು ಬೆಳೆದಿದೆ. ಆ ವಿಸ್ತಾರವು ಕೆಲವೆಡೆ ಭಾರವಾದರೂ ವಸ್ತುವಿನ ಹಿಡಿತ ತಪ್ಪಿಲ್ಲ. ಅದರ ಭಾಷೆ ಇಂಗ್ಲಿಷು. ಕನ್ನಡ ಗೀತಗುಚ್ಛಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ; ಅಲ್ಲಿ ನಾಲ್ಕನೆಯದು ರಘು ದೀಕ್ಷಿತರದು. ಬೆಂಗಳೂರಿನ ಗೀತಗುಚ್ಛಗಳ ಪಟ್ಟಿಯೆಂದರೆ ‘3 ವೀಲ್ಸ್ 9 ಲೈವ್ಸ್’ ಅದಕ್ಕಿಂತ ಮೇಲೆ ನಿಲ್ಲುತ್ತದೆ. ಈ ಎರಡು ಪಟ್ಟಿಗಳನ್ನು ಬೆರೆಸಿ ಒಂದೇ ಹೆಸರಿನಿಂದ ಕರೆಯುವುದರಿಂದಲೇ ನಮ್ಮ ಚರ್ಚೆಗಳಲ್ಲಿ ಗೊಂದಲ ಹೆಚ್ಚುತ್ತಿದೆ.

ಈ ನಿರ್ಣಯವು ಅಂತಿಮವೆಂದು ನಾವು ಸಾಧಿಸುವುದಿಲ್ಲ. ಬೇರೆ ಅಳತೆಗೋಲನ್ನು ಹಿಡಿದವರಿಗೆ ಬೇರೆ ಕ್ರಮ ದೊರೆತೀತು. ಆದರೆ ಶಿವಾಜಿನಗರದ ಉರ್ದು ಹಾಡು, ಹಲಸೂರಿನ ತಮಿಳು ಹಾಡು ನಮ್ಮ ಎರಡು ಪಟ್ಟಿಗಳಲ್ಲಿಯೂ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಅವು ಗುಚ್ಛಗಳಾಗಿ ಅಲ್ಲ, ಮದುವೆ, ಉರುಸು, ಉತ್ಸವಗಳ ಸಂದರ್ಭದಲ್ಲಿ ಬಾಳುತ್ತಿವೆ. ಕಾಳಿಂಗರಾಯರಂತೆಯೇ ಅವೂ ಗುಚ್ಛದ ಲೆಕ್ಕಕ್ಕೆ ಸಿಕ್ಕವು. ಪಟ್ಟಿ ಮಾಡುವ ಮೊದಲು ಅಂಥ ಹಾಡುಗಳನ್ನು ಬೀದಿಬೀದಿಯಾಗಿ ಕೇಳಿ ಬರೆದಿಡುವ ಕೆಲಸವನ್ನು ನಗರದ ಕಾಲೇಜುಗಳ ಕನ್ನಡ ವಿಭಾಗಗಳು ಕೈಗೊಳ್ಳಬೇಕು. ಭಾಷೆ ಬೇರೆಯೆಂಬುದು ಅದಕ್ಕೆ ಅಡ್ಡಿಯಾಗಬಾರದು.